ಕಟ್ಟಿದವರೇ ಬಿಚ್ಚಬೇಕು

ಕರೆಗುಡ್ಡ ಸೈಡಿಂಗ್, ಕುರೆಕುಪ್ಪದ ಹತ್ತಿರ
12 ಜನವರಿ 2004

ಡ್ರೈವರ್ ಸಾಹೇಬರಿಗೆ,

ಸಾಹೇಬರು ಎಂದು ಬರೆದೆನೆಂದು ಉಬ್ಬಬೇಡ. ಹುಸೇನಮ್ಮನ ಚಾದಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ಮಿರ್ಚಿ ಕರಿಯುತ್ತ ನನ್ನ ಪೆನ್ನಿನ ಮೇಲೇ ಕಣ್ಣಿಟ್ಟಿದ್ದಾಳೆ. ಮೊದಲ ಸಾಲಾದರೂ ಮರ್ಯಾದೆಯಿಂದ ಇರಲಿ. ಇನ್ನು ಮುಂದೆ ಅವಳ ಅಂಗಡಿಯ ವಿಳಾಸಕ್ಕೇ ಕಾಗದ ಹಾಕು. ಸ್ಟೇಷನ್ ಫೋನಿಗೆ ಮಾಡಬೇಡ ಮಾರಾಯ. ಹೋದ ವಾರ ನೀನು ಮಾಡಿದಾಗ ಪಾಯಿಂಟ್ಸ್‌ಮನ್ ಮೈಲಾರಲಿಂಗಪ್ಪ ತಾತ ನಮ್ಮ ಕ್ವಾರ್ಟರ್ಸಿನ ತನಕ ಓಡಿ ಬಂದು, "ಹೇಮವ್ವಾ, ಗುಂತಕಲ್ಲಿಂದ ನಿಮ್ಮ ಚಿಗವ್ವ ಫೋನ್ ಮಾಡ್ಯಾಳ. ಭಾಳ ನೆಗಡಿ ಆಗೇತಿ ಕಾಣ್ತದ, ಗಂಡಸಿನ ದನಿ ಆಗಿಬಿಟ್ಟೈತಿ" ಅಂದ. ಮುದುಕ ತಿಳಿದೇ ಅಂದನೋ, ತಿಳಿಯದೆ ಅಂದನೋ.

ಹಂಪಿಯಿಂದ ಬಂದಾಗಿನಿಂದ ಮನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಹರಿಗೋಲಿನಲ್ಲಿ ನಾನು ಹೇಳಿದ ಹಳದಿ ಅರಿವೆಯ ಕಥೆಗೆ ನೀನು ನಕ್ಕ ನಗೆಗೆ ಹರಿಗೋಲೇ ವಾಲಿ, ಅಂಬಿಗ "ನಗೋದಿದ್ರ ದಂಡಿಗೆ ಹೋಗಿ ನಗ್ರಿ" ಎಂದು ಬೈದನಲ್ಲ, ಆ ಕಥೆ ಮುಂದುವರಿದಿದೆ, ಕೇಳು. ನಿಮ್ಮ ರೈಲ್ವೆಯ ರೂಲು ದೊಡ್ಡ ರೂಲು. ಚಕ್ರ, ಬ್ರೇಕು ನೋಡಲು ವ್ಯಾಗನ್ನಿನ ಕೆಳಗೆ ನುಗ್ಗುವ ಮೊದಲು ಫಿಟ್ಟರ್ ಆದವನು ತುದಿಯ ವ್ಯಾಗನ್ನಿನ ಕೊಂಡಿಗೆ ಕೆಂಪು ಬಾವುಟ ಕಟ್ಟಬೇಕು. ಅದು ಇರುವಷ್ಟು ಹೊತ್ತು ಇಂಜಿನ್ ಹತ್ತಿರ ಸುಳಿಯಬಾರದು. ಕಟ್ಟಿದವರೇ ಬಿಚ್ಚಬೇಕು, ಎಂಥ ದೊಡ್ಡ ಸಾಹೇಬ ಬಂದರೂ ಅದನ್ನು ಮುಟ್ಟುವಂತಿಲ್ಲ. ಎಲ್ಲ ಸರಿ. ಆದರೆ ನಮ್ಮ ಸೈಡಿಂಗಿನಲ್ಲಿ ಕೆಂಪು ಯಾರಿಗೆ ಕಾಣಬೇಕು? ಅದಿರು ಕೆಂಪು, ವ್ಯಾಗನ್ನು ಕೆಂಪು, ಬೇವಿನ ಎಲೆ ಕೆಂಪು, ನಾನು ಒಣಗಹಾಕಿದ ಬಿಳಿ ಲಂಗವೂ ಸಂಜೆಗೆ ಕೆಂಪು. ಅದಕ್ಕೇ ನನ್ನ ಗಂಡ ಗುಡ್ಡಪ್ಪ ಆಫೀಸಿನ ಬಾವುಟ ಬಿಟ್ಟು ನನ್ನ ಮದುವೆಯ ಹಳದಿ ಸೀರೆಯ ತುಂಡು ಕಟ್ಟುವುದು. ಸೈಡಿಂಗಿನವರಿಗೆಲ್ಲ ಈಗ ಅದೇ ಬಾವುಟ.

ಮೊನ್ನೆ ಹಳೆಯದು ಹರಿಯಿತೆಂದು ಇನ್ನೊಂದು ತುಂಡು ಕೇಳಿದ. "ಪ್ಯಾಟ್ಯಾಗ ಹಳದಿ ಅರಿವಿ ಸಿಗಂಗಿಲ್ಲೇನು?" ಅಂದೆ. ತಲೆ ಕೆರೆದುಕೊಂಡು, "ನಿನ್ನ ಅರಿವಿ ಇದ್ರ ಇಂಜಿನ್ ನನ್ನ ಮುಟ್ಟಂಗಿಲ್ಲ" ಅಂದ. ಈ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ವ್ಯಾಗನ್ ಚಕ್ರಕ್ಕೆ ಸುತ್ತಿಗೆ ಬಡಿದು ಅದರ ದನಿ ಕೇಳುತ್ತಾನೆ, ಹೆಂಡತಿಯ ದನಿ ಕೇಳುವುದಿಲ್ಲ. ನನಗೆ ಒಳಗೇ ನಗು. ಹರಿದುಕೊಟ್ಟೆ.

ನಿನ್ನ ಗಾಡಿ ಮತ್ತೆ ಯಾವಾಗ ಈ ಕಡೆ ಲೋಡಿಗೆ ಬರುತ್ತದೆ, ತಿಳಿಸು.

ನಿನ್ನ ಹೇಮಾ


ಗುಂತಕಲ್ಲು
25 ಜನವರಿ 2004

ಹೇಮಾ,

ಕಾಗದ ಓದಿ ಒಬ್ಬನೇ ನಕ್ಕೆ, ಪಕ್ಕದ ರೂಮಿನ ತೆಲುಗಿನವನು ಗೋಡೆ ಬಡಿದ. ಅದಿರಿನ ಗಾಡಿಗಳಿಗೆ ಈಗ ಹಗಲಿಲ್ಲ, ರಾತ್ರಿಯಿಲ್ಲ. ಚೀನಾದವರು ಸಂಡೂರಿನ ಗುಡ್ಡಗಳನ್ನೇ ಕೇಳುತ್ತಿದ್ದಾರೆ, ನಾವು ಬಂದರಿಗೆ ಹೊತ್ತು ಹಾಕುತ್ತಿದ್ದೇವೆ. ಎರಡು ದಿನ ಮಲಗದೆ ಇಂಜಿನ್ ನಡೆಸಿದರೂ ನಿನ್ನ ನೆನಪು ಬಂದರೆ ನಿದ್ದೆ ಹಾರುತ್ತದೆ. ಕಂಪ್ಲಿಯಲ್ಲಿ ಅವ್ವ ಹುಡುಗಿಯರ ಫೋಟೋ ಜೋಡಿಸಿಟ್ಟುಕೊಂಡು ಕುಳಿತಿದ್ದಾಳೆ. ಒಂದನ್ನೂ ತಿರುಗಿಸಿ ನೋಡಿಲ್ಲ.

ಅವನ ಬಗ್ಗೆ ನೀನು ಬರೆದಾಗ ಮೊದಲು ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ. ನಿನ್ನ ಸೀರೆ ಹರಿಯುವ ಹಕ್ಕು ಅವನಿಗೆ ಯಾಕಿರಬೇಕು? ಅವನು ಹಾಗೆ ಕೆಳಗೆ ನುಗ್ಗಿದರೆ ಏಳುವುದಕ್ಕೆ ಎಷ್ಟು ಹೊತ್ತು? ನಗಬೇಡ. ಅಷ್ಟು ಹೊತ್ತು ಕ್ವಾರ್ಟರ್ಸಿನಲ್ಲಿ ನೀನು ಒಬ್ಬಳೇ ಅಲ್ಲವೇ ಎಂದು ಕೇಳಿದೆ.

ನನ್ನ ಕಾಗದಗಳನ್ನು ಓದಿ ಒಲೆಗೆ ಹಾಕು. ಪೆಟ್ಟಿಗೆಯಲ್ಲಿ ಸೀರೆ ಕೆಳಗೆ ಇಡುವ ಹೆಂಗಸರ ಬುದ್ಧಿ ನನಗೆ ಗೊತ್ತು.

ಭೂಷಣ


ಕರೆಗುಡ್ಡ ಸೈಡಿಂಗ್
16 ಫೆಬ್ರವರಿ 2004

ಭೂಷಣ,

ಅವನಿಗೆ ಗೊತ್ತಾಗಿದೆ. ನೀನು ಕೊಟ್ಟ ಹಸಿರು ಬಳೆ ಹಾಕಿಕೊಂಡು ರೊಟ್ಟಿ ತಟ್ಟುತ್ತಿದ್ದೆ. ಬಂದು ನಿಂತು ನೋಡಿದ. "ಹೊಸಾವೇನು?" ಅಂದ. "ಹೂಂ" ಅಂದೆ. "ಚಲೋ ಅದಾವ" ಅಂದ. ಕುಳಿತು ಪುಂಡಿಪಲ್ಯ ರೊಟ್ಟಿ ಉಂಡ, ಸುತ್ತಿಗೆ ತೆಗೆದುಕೊಂಡ. ಬಾಗಿಲ ತನಕ ಹೋದವನು ತಿರುಗಿ ನೋಡದೆಯೇ, "ನಿನಗ ಇಲ್ಲಿ ಬ್ಯಾಸರ ಆಗೇತಿ. ಹೊಸಪೇಟಿಗೆ ವರ್ಗ ಕೇಳೀನಿ, ಮುಂದಿನ ತಿಂಗಳು ಆಗಬೌದು" ಅಂದ. ಅಷ್ಟೇ. ನಾನು ಹಿಟ್ಟಿನ ಕೈಯಲ್ಲೇ ಕುಳಿತೆ.

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಹೊಡೆದಿದ್ದರೆ ಆ ನೆಪದಲ್ಲಿ ಪೆಟ್ಟಿಗೆ ಎತ್ತಿಕೊಂಡು ನಿನ್ನ ಹತ್ತಿರ ಬರುತ್ತಿದ್ದೆ. ಈ ಮನುಷ್ಯ ಜಗಳಕ್ಕೂ ಒದಗುವುದಿಲ್ಲ. ಹೊಸಪೇಟೆಗೆ ಹೋದರೆ ನಿನ್ನ ಗಾಡಿ ಎಲ್ಲಿ, ನಾನೆಲ್ಲಿ? ಹಾಳಾದವನು, ಎಲ್ಲಾದರೂ ಸಾಯಬಾರದೇ ಎನಿಸಿತು.

ನೀನು ಕೇಳಿದ್ದಕ್ಕೆ: ಇಂಜಿನ್ ಕಡೆಯಿಂದ ನುಗ್ಗಿದರೆ ಗಾರ್ಡ್ ಡಬ್ಬಿಯ ಕಡೆ ಏಳುತ್ತಾನೆ. ಅಷ್ಟರಲ್ಲಿ ನನ್ನ ಅನ್ನ ಆಗಿ, ಆರಿ, ಬೆಕ್ಕು ಬಂದು ಮೂಸಿರುತ್ತದೆ. ಈ ನೆಪ ಇಟ್ಟುಕೊಂಡು ಹಗಲಿನಲ್ಲಿ ಮನೆಗೆ ಬಂದೀಯ, ಬೇಡ.

ಹೇಮಾ


ಗುಂತಕಲ್ಲು
24 ಫೆಬ್ರವರಿ 2004

ಹೇಮಾ,

ವರ್ಗ ಆಗುವುದಿಲ್ಲ, ಚಿಂತೆ ಬಿಡು. ಮುಂದಿನ ತಿಂಗಳು ಕರೆಗುಡ್ಡದ ಪಾಳಿ ನನಗೇ ಹಾಕಿಸಿಕೊಂಡಿದ್ದೇನೆ. ಇದನ್ನೂ ಸುಡು. ಹಿಂದಿನವನ್ನೆಲ್ಲ ಸುಟ್ಟಿದ್ದೀಯಲ್ಲ?

ಭೂಷಣ


ಗುಂತಕಲ್ಲು
21 ಮಾರ್ಚ್ 2004

ಹೇಮಾ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಿನ್ನನ್ನು ಅತ್ತೆಯ ಮನೆಗೆ, ಬಂಡ್ರಿಗೆ ಕರೆದುಕೊಂಡು ಹೋದರೆಂದು ಕೇಳಿದೆ. ಹುಸೇನಮ್ಮ ಯಾರ ಕೈಯಲ್ಲಾದರೂ ಇದನ್ನು ತಲುಪಿಸುತ್ತಾಳೆಂದು ನಂಬಿದ್ದೇನೆ.

ಆ ಮಧ್ಯಾಹ್ನ ಇಂಜಿನ್ ನಡೆಸುತ್ತಿದ್ದವನು ನಾನೇ. ಮುಚ್ಚಿಟ್ಟು ಫಲವಿಲ್ಲ, ಸೈಡಿಂಗಿಗೆಲ್ಲ ಗೊತ್ತು. ಗಾಡಿ ಲೋಡಾಗಿ ನಿಂತಿತ್ತು, ನಾನು ಇಂಜಿನ್ ಕೂಡಿಸಿದೆ, ವ್ಯಾಗನ್ನುಗಳು ಜಗ್ಗಿದವು. ಆಮೇಲೆ ಜನ ಕೂಗಿದರು. ಅವನು ಕೆಳಗಿದ್ದ. ನನ್ನ ಹೆತ್ತವ್ವನ ಆಣೆ ಹೇಮಾ, ಕೊಂಡಿಯಲ್ಲಿ ಹಳದಿ ಅರಿವೆ ಇರಲಿಲ್ಲ. ನೀನು ಹೇಳಿದ್ದೆಯೆಂದು ನಾನು ಅದನ್ನು ಹುಡುಕಿಯೇ ನೋಡಿದೆ. ಇದ್ದಿದ್ದರೆ ನಾನು ಇಂಜಿನ್ ಮುಟ್ಟಿಸುತ್ತಿದ್ದೆನೇ? ಯಾರು ಏನೇ ಹೇಳಲಿ, ನೀನು ಮಾತ್ರ ನಂಬು.

ವಿಚಾರಣೆ ನಡೆದಿದೆ. ನನಗೆ ಸದ್ಯ ಬರೆಯಬೇಡ.

ಭೂಷಣ


ಬಂಡ್ರಿ
18 ಏಪ್ರಿಲ್ 2004

ಭೂಷಣ,

ಬರೆಯಬೇಡ ಅಂದೆ, ತಡೆಯಲಾಗಲಿಲ್ಲ. ನಂಬಿದ್ದೇನೆ. ನಂಬಿದ್ದಕ್ಕೇ ನಿದ್ದೆ ಬರುತ್ತಿಲ್ಲ.

ಅರಿವೆ ಕಟ್ಟುವುದನ್ನು ಅವನು ಮರೆಯುವವನಲ್ಲ. ಊಟ ಮರೆತಾನು, ನನ್ನ ಹೆಸರು ಮರೆತಾನು, ಅದನ್ನು ಮರೆಯುವುದಿಲ್ಲ. ಹಾಗಾದರೆ ಬೇಕೆಂದೇ ಕಟ್ಟಲಿಲ್ಲವೇ? ಆವತ್ತು ನೀನು ಬರುತ್ತೀ ಎಂದು ನಾನು ಬೆಳಿಗ್ಗೆಯೇ ಹಸಿರು ಬಳೆ ಹಾಕಿಕೊಂಡಿದ್ದೆ. ಅವನು ನೋಡಿದ. ಬುತ್ತಿ ತೆಗೆದುಕೊಂಡ. "ಇವತ್ತು ಜಲ್ದಿ ಬರ್ತೀನಿ" ಅಂದ. ಎಂದೂ ಹಾಗೆ ಹೇಳಿ ಹೋದವನಲ್ಲ. ಇವನು ತಾನಾಗಿಯೇ ಹೋದನೇ ಭೂಷಣ? ನನ್ನಿಂದಾಗಿ ಹೋದನೇ?

ಇಲ್ಲಿ ನನ್ನ ಬಳೆ ಒಡೆದರು. ನಿನ್ನವೂ ಅದರಲ್ಲೇ ಹೋದವು. ಹೊಳೆಮ್ಮ ಅತ್ತೆ ಮಾತಾಡಿಸಲು ಬಂದವರನ್ನೆಲ್ಲ ಹಿಡಿದು, "ನನ್ನ ಮಗ ಬಾವುಟ ಮರತಾನಂತ ಆಫೀಸ್ನವರು ಅಂತಾರ. ಅಂವ ಮರಿಯೋನೇನ್ರಿ? ನೀವರ ಹೇಳ್ರಿ" ಎಂದು ಕೇಳುತ್ತಾಳೆ. ನನ್ನ ಕಡೆಯೂ ತಿರುಗಿ ಕೇಳುತ್ತಾಳೆ. ಮರೆತನೆಂದರೆ ಅವನಿಗೆ ಅವಮಾನ, ಮರೆಯಲಿಲ್ಲವೆಂದರೆ ನಾನು ಕೊಲೆಗಾತಿ. ನುಂಗಲಾರದ ತುತ್ತು ಬಾಯಲ್ಲಿದೆ.

ಹೇಮಾ


ಗುಂತಕಲ್ಲು
2 ಮೇ 2004

ಹೇಮಾ,

ಅವನ ಮನಸ್ಸಿನಲ್ಲಿ ಏನಿತ್ತೋ ದೇವರೇ ಬಲ್ಲ. ನಿನ್ನ ಅನುಮಾನ ಸುಳ್ಳು ಎಂದು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ನಿನಗೆ ಸುಳ್ಳು ಹೇಳಲಾರೆ. ನೀನು ಅಂದಂತೆಯೇ ಇರಬಹುದು. ಗಂಡಸಿಗೆ ಅಂಥದ್ದು ಸಹಿಸಲು ಆಗುವುದಿಲ್ಲ, ಒಳಗೇ ಬೆಂದು ಬೇಕೆಂದೇ ಕಟ್ಟದೆ ನುಗ್ಗಿರಬಹುದು. ಪಾಪ ನಿನ್ನೊಬ್ಬಳದಲ್ಲ, ಇಬ್ಬರೂ ಹೊರೋಣ. ಯಾರ ಮುಂದೆಯೂ ಬಾಯಿ ಬಿಡಬೇಡ. ಜನರಿಗೆ ತಿಳಿದರೆ ಗಂಡನನ್ನು ತಿಂದವಳು ಎಂದು ಬಂಡ್ರಿಯಲ್ಲಿ ನಿನ್ನನ್ನು ಬಾಳಗೊಡುವುದಿಲ್ಲ. ವರ್ಷ ತುಂಬಲಿ, ನಾನೇ ಬಂದು ಕರೆದೊಯ್ಯುತ್ತೇನೆ.

ಭೂಷಣ


ಬಂಡ್ರಿ
8 ಸೆಪ್ಟೆಂಬರ್ 2004

ಲೇ ಭೂಷಣಾ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಬರೆಯದಿದ್ದರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ಆಫೀಸಿನ ಜವಾನ ಗುಡ್ಡಪ್ಪನ ಸಾಮಾನು ತಂದುಕೊಟ್ಟ. ಸುತ್ತಿಗೆ, ಬುತ್ತಿಡಬ್ಬಿ, ಚಪ್ಪಲಿ. ಮತ್ತೆ ಒಂದು ಕವರು, ಅರಗಿನ ಮುದ್ರೆ ಹಾಕಿದ್ದು. ಒಡೆದೆ. ನನ್ನ ಹಳದಿ ಸೀರೆಯ ತುಂಡು. ಗಂಟು ಹಾಗೇ ಇದೆ, ಅವನು ಹಾಕುತ್ತಿದ್ದ ಅದೇ ಎರಡು ಸುತ್ತಿನ ಗಂಟು. ಬಿಚ್ಚಲಾಗದೆ ಪಕ್ಕದಲ್ಲಿ ಕೊಯ್ದು ತೆಗೆದಿದ್ದಾರೆ. ನಡುವೆ ಇಂಜಿನ್ ಕೊಂಡಿಯ ಗ್ರೀಸು ಹಪ್ಪಳದಗಲ ಕಪ್ಪಾಗಿ ಕೂತಿದೆ. ಅರಿವೆ ಇತ್ತು. ನೀನು ಅದರ ಮೇಲೇ ಇಂಜಿನ್ ತಂದು ಒತ್ತಿದೆ.

ಜೊತೆಗಿದ್ದ ವಿಚಾರಣೆಯ ಆರ್ಡರನ್ನು ಮೈದುನ ಹಾಲೇಶ ಓದಿದ. ಟಿಪ್ಪರ್ ನಡೆಸಿ ಬಂದು ಮೈ ತೊಳೆಯದೆ ಕಟ್ಟೆಯ ಮೇಲೆ ಕುಳಿತು, ಅಕ್ಷರ ಅಕ್ಷರ ಬಿಡಿಸಿ ಓದಿದ. "ಹಳದಿ ಬಟ್ಟೆಯೊಂದನ್ನು ಕಂಡೆ, ಅದು ಎಚ್ಚರಿಕೆಯ ಗುರುತೆಂದು ನನಗೆ ಗೊತ್ತಿರಲಿಲ್ಲ, ಗಾಳಿಗೆ ಹಾರಿ ಬಂದು ಸಿಕ್ಕಿಕೊಂಡಿದ್ದೆಂದು ತಿಳಿದೆ ಎಂದು ಡ್ರೈವರ್ ನಾಗಭೂಷಣ ಹೇಳಿರುತ್ತಾರೆ. ಕೆಂಪು ಬಾವುಟ ಬಿಟ್ಟು ಬೇರೆ ಬಟ್ಟೆ ಕಟ್ಟಿದ್ದು ಮೃತನದೇ ತಪ್ಪು." ಹಾಲೇಶ ಎರಡು ಸಲ ಓದಿದ. ಅತ್ತೆ ಮೂರನೆಯ ಸಲ ಓದಿಸಿದಳು.

ಆಫೀಸಿನಲ್ಲಿ ಹೇಳಿದ್ದು ಅರಿವೆ ಇತ್ತು, ಅರ್ಥ ಗೊತ್ತಿರಲಿಲ್ಲ. ನನಗೆ ಹೇಳಿದ್ದು ಅರ್ಥ ಗೊತ್ತಿತ್ತು, ಅರಿವೆ ಇರಲಿಲ್ಲ. ಅಲ್ಲಿ ಎಲ್ಲರೂ ಅರಿವೆ ನೋಡಿದ್ದರು, ಅದಕ್ಕೆ ಆ ಸುಳ್ಳು. ಇಲ್ಲಿ ನಾನೇ ನಿನಗೆ ಅದರ ಅರ್ಥ ಹೇಳಿದ್ದೆ, ಅದಕ್ಕೆ ಈ ಸುಳ್ಳು. ಎರಡನ್ನೂ ಒಂದೇ ಕಡೆ ಓದಿದವಳು ಜಗತ್ತಿನಲ್ಲಿ ನಾನೊಬ್ಬಳೇ.

ನೀನು ಅವನನ್ನು ಕೊಂದೆ. ಅದು ಒಂದು. ಆದರೆ ನಾನು ಹಗಲೂ ರಾತ್ರಿ ನನ್ನಿಂದಾಗಿ ಸತ್ತನೆಂದು ಬೇಯುತ್ತಿದ್ದಾಗ, ಹೌದು ಇರಬಹುದು, ನಿನ್ನಿಂದಲೇ ಇರಬಹುದು ಎಂದು ಬರೆದೆಯಲ್ಲ. ಮೇ ತಿಂಗಳಲ್ಲಿ ಆ ಕಾಗದ ಓದಿ ನಾನು ಎರಡು ಸಲ ಬಾವಿಕಟ್ಟೆಯ ತನಕ ಹೋಗಿ ಬಂದಿದ್ದೇನೆ. ಅವನು ಅರಿವೆ ಕಟ್ಟಿದ್ದ ಕಣೋ. ನನ್ನ ಅರಿವೆ ನಂಬಿ ನುಗ್ಗಿದ್ದ. ಜಲ್ದಿ ಬರುತ್ತೇನೆ ಅಂದವನು ಬರುವುದಕ್ಕೇ ಅಂದಿದ್ದ.

ನೀನು ಹೇಳಿದಂತೆ ನಿನ್ನ ಕಾಗದಗಳನ್ನೆಲ್ಲ ಸುಟ್ಟಿದ್ದೇನೆ. ಕೈಯಲ್ಲಿ ಒಂದು ಚೂರೂ ಇಲ್ಲ. ಬಾಯಿ ಒಂದೇ ಇದೆ. ನಿನ್ನ ಬೇರು ಕಿತ್ತು ಬಿಸಿಲಿಗೆ ಹಾಕದಿದ್ದರೆ ನನ್ನ ಹೆಸರು ಹೇಮಾ ಅಲ್ಲ.


ಬಂಡ್ರಿ
12 ಸೆಪ್ಟೆಂಬರ್ 2004

ಪ್ರೀತಿಯ ಭೂಷಣ,

ಬಹಳ ದಿನವಾಯಿತು. ಕೋಪ ಬಂದಿದೆಯೇನು? ಮನಸ್ಸು ಈಗ ತಿಳಿಯಾಗಿದೆ. ಹೋದವರು ಹೋದರು, ಇದ್ದವರು ಉಣ್ಣಬೇಕಲ್ಲ. ಆ ದಿನದ್ದು ಇನ್ನೊಮ್ಮೆ ಬಿಡಿಸಿ ಬರೆ, ಓದಿ ಮರೆತುಬಿಡುತ್ತೇನೆ. ಅರಿವೆ ಖಂಡಿತ ಇರಲಿಲ್ಲವೇ? ಮೈಲಾರಲಿಂಗಪ್ಪ ತಾತ ಅಲ್ಲೇ ನಿಂತು ಇಂಜಿನ್ನಿಗೆ ಕೈ ತೋರಿಸಬೇಕಿತ್ತಲ್ಲ, ಅವನಾದರೂ ಯಾಕೆ ನೋಡಲಿಲ್ಲ?

ಆಫೀಸಿನಿಂದ ಇನ್ನೂ ಏನೂ ಬಂದಿಲ್ಲ. ನಿನಗೆ ತೊಂದರೆ ಆಗದಿದ್ದರೆ ಸಾಕು.

ನಿನ್ನವಳೇ ಆದ ಹೇಮಾ


ಗುಂತಕಲ್ಲು
27 ಸೆಪ್ಟೆಂಬರ್ 2004

ನನ್ನ ಹೇಮಾ,

ನಿನ್ನ ಕಾಗದ ಕಂಡು ಹೋದ ಜೀವ ಬಂದಂತಾಯಿತು. ಇರಲಿಲ್ಲ. ಎಷ್ಟು ಸಲ ಕೇಳಿದರೂ ಇರಲಿಲ್ಲ. ಮುದುಕ ಚಾ ಕುಡಿಯಲು ಹುಸೇನಮ್ಮನ ಅಂಗಡಿಗೆ ಹೋಗಿದ್ದ. ಜಾಗ ಬಿಟ್ಟು ಹೋದವನು ಅವನು, ಅದಕ್ಕೇ ವಿಚಾರಣೆಯಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದ. ಅದೆಲ್ಲ ಮುಗಿದ ಕಥೆ, ನನ್ನ ಮೇಲೆ ಒಂದು ಚುಕ್ಕೆಯೂ ಇಲ್ಲ. ನಿನ್ನ ಗಂಡನ ಮಾತು ಇನ್ನು ನಮ್ಮ ನಡುವೆ ಬೇಡ. ದೀಪಾವಳಿಗೆ ಎಂಥ ಸೀರೆ ಬೇಕು ಬರೆ. ಹಳದಿ ಬಿಟ್ಟು.

ನಿನ್ನ ಭೂಷಣ


ಬಂಡ್ರಿ
3 ನವೆಂಬರ್ 2004

ಪ್ರೀತಿಯ ಭೂಷಣ,

ಒಂದು ಸುದ್ದಿ. ನನ್ನ ಮೈದುನ ಹಾಲೇಶ ಮತ್ತೆ ವಿಚಾರಣೆ ಆಗಬೇಕೆಂದು ಅರ್ಜಿ ಹಾಕಿದ್ದಾನಂತೆ. ಇಪ್ಪತ್ತೆರಡನೆಯ ತಾರೀಕು ಹೊಸಪೇಟೆಯಲ್ಲಿ ಕರೆದಿದ್ದಾರೆ. ನಿನಗೂ ನೋಟಿಸು ಬಂದಿರಬೇಕು. ಎದೆ ಒಡೆದುಕೊಳ್ಳಬೇಡ. ಹೆಂಡತಿ ಎಂದು ನನ್ನನ್ನೂ ಕೇಳುತ್ತಾರೆ, ನಾನು ಏನು ಹೇಳಬೇಕೋ ನೀನೇ ಬರೆದು ಕಳಿಸು.

ಸಿಕ್ ರಜೆ ಹಾಕಿ ತಪ್ಪಿಸಿಕೊಳ್ಳಬೇಡ, ಅನುಮಾನ ಬರುತ್ತದೆ. ಬಾ. ನಾನೂ ನಿನ್ನನ್ನು ನೋಡಿ ಎಂಟು ತಿಂಗಳಾಗಲಿಲ್ಲವೇ? ಮುಗಿದ ಮೇಲೆ ಅತ್ತೆಯನ್ನು ಬಸ್ಸು ಹತ್ತಿಸಿ ನಾನು ಹಂಪಿ ಕಡೆ ಬರುತ್ತೇನೆ. ಅದೇ ಹರಿಗೋಲಿನಲ್ಲಿ ಕೂರೋಣ.

ನಿನ್ನವಳೇ ಆದ ಹೇಮಾ


ಗುಂತಕಲ್ಲು
11 ನವೆಂಬರ್ 2004

ನನ್ನ ಹೇಮಾ,

ನೋಟಿಸು ಬಂದಿದೆ, ಬರುತ್ತೇನೆ. ನೀನು ಏನೂ ಹೇಳುವುದೇ ಬೇಡ. ಸೆರಗು ಮುಖಕ್ಕೆ ಎಳೆದುಕೊಂಡು, ನನಗೇನೂ ಗೊತ್ತಿಲ್ಲ ಎಂದರೆ ಸಾಕು. ವಿಧವೆ ಹೆಣ್ಣುಮಗಳನ್ನು ಯಾರೂ ಕೆದಕುವುದಿಲ್ಲ. ನನಗೆ ಧೈರ್ಯ ಇರುವುದು ಅದರಿಂದಲೇ. ಹಳದಿ ಅರಿವೆಯ ವಿಷಯ ನನಗೆ ಗೊತ್ತಿತ್ತೆಂದು ಹೇಳಬಲ್ಲವಳು ನೀನೊಬ್ಬಳು, ಹೇಳಬೇಕಾದರೆ ಎಲ್ಲಿ, ಯಾವಾಗ, ಯಾಕೆ ಎಂದೂ ಹೇಳಬೇಕು. ಅತ್ತೆ, ಮೈದುನ ಎದುರಿಗೆ ಕುಳಿತಿರುವಾಗ ಯಾವ ಹೆಂಗಸು ಆ ಮಾತಿಗೆ ಬಾಯಿ ತೆರೆದಾಳು?

ಹಂಪಿಯಲ್ಲಿ ಕಾಯುತ್ತೇನೆ.

ಭೂಷಣ


ಕಂಪ್ಲಿ
9 ಜನವರಿ 2005

ಹೇಮಾ,

ಜಾಮೀನಿನ ಮೇಲೆ ಬಿಟ್ಟಿದ್ದಾರೆ. ನೌಕರಿ ಹೋಗಿದೆ. ಅವ್ವ ಹೊರಗೆ ಮುಖ ತೋರಿಸುತ್ತಿಲ್ಲ. ಅಂದು ವಿಚಾರಣೆಯಲ್ಲಿ ನೀನು ಸೆರಗನ್ನು ಹಿಂದಕ್ಕೆ ಸರಿಸಿ ಎದ್ದು ನಿಂತಾಗಲೂ ನಾನು ಅಳುತ್ತೀಯೆಂದೇ ತಿಳಿದೆ. ಹಂಪಿ, ಹರಿಗೋಲು, ಬಳೆ, ಒಂದನ್ನೂ ಬಿಡದೆ ಹೇಳಿದೆಯಲ್ಲ. ಆ ದೊಡ್ಡ ಸಾಹೇಬ ಪೆನ್ನು ಕೆಳಗಿಟ್ಟು, "ಯೋಚಿಸಿ ಹೇಳಮ್ಮ, ಇದು ನಿನ್ನ ಮಾನದ ಪ್ರಶ್ನೆ" ಅಂದರೂ ನಿಲ್ಲಿಸಲಿಲ್ಲ. ನಿನ್ನನ್ನು ನೋಡಿ ಆ ಮುದುಕ ಮೈಲಾರಲಿಂಗಪ್ಪನೂ ಎದ್ದು, ನಾನೇ ಅವನನ್ನು ಚಾ ಕುಡಿಯಲು ಕಳಿಸಿದೆನೆಂದು ಹೇಳಿದ.

ಹೌದು, ಮಾಡಿದೆ. ಯಾರಿಗಾಗಿ ಮಾಡಿದೆ? ಎಲ್ಲಾದರೂ ಸಾಯಬಾರದೇ ಎಂದು ಬರೆದವಳು ನೀನು. ವರ್ಗವಾಗಿ ಹೋದರೆ ನಿನ್ನನ್ನು ಮತ್ತೆ ನೋಡುವುದೆಲ್ಲಿ ಎಂದು ತಲೆ ಕೆಟ್ಟಿತ್ತು ನನಗೆ.

ಕೋರ್ಟಿನಲ್ಲಿ ಇನ್ನೂ ಕೇಸು ನಿಂತಿಲ್ಲ. ಗಂಡ ಸತ್ತ ದುಃಖದಲ್ಲಿ ಬುದ್ಧಿ ಭ್ರಮಿಸಿ ಏನೋ ಹೇಳಿದೆ ಎಂದು ಒಂದು ಮಾತು ಹೇಳು, ಎಲ್ಲ ಬಿದ್ದುಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ನಿನ್ನ ಮಾನ ಮೂರಾಬಟ್ಟೆಯಾಗಿದೆ, ಬಂಡ್ರಿಯಿಂದ ಹೊರಗೆ ಹಾಕಿದ್ದಾರೆಂದು ಕೇಳಿದೆ. ಇನ್ನು ನಿನ್ನನ್ನು ಕಟ್ಟಿಕೊಳ್ಳುವವನು ನನ್ನನ್ನು ಬಿಟ್ಟರೆ ಯಾರಿದ್ದಾರೆ? ತಾಳಿ ಕಟ್ಟುತ್ತೇನೆ. ನನ್ನ ಕುತ್ತಿಗೆಗೆ ಕಟ್ಟಿದ್ದನ್ನು ಬಿಚ್ಚಿಬಿಡು ಹೇಮಾ, ಕೈ ಮುಗಿಯುತ್ತೇನೆ.

ಭೂಷಣ


ಕರೆಗುಡ್ಡ ಸೈಡಿಂಗ್
2 ಫೆಬ್ರವರಿ 2005

ಡ್ರೈವರ್ ಸಾಹೇಬರಿಗೆ,

ಈಗ ಡ್ರೈವರೂ ಅಲ್ಲ, ಸಾಹೇಬರೂ ಅಲ್ಲ. ಆದರೂ ಮೊದಲ ಸಾಲು ಮರ್ಯಾದೆಯಿಂದ ಇರಲಿ.

ನಿಮ್ಮ ಕಾಗದ ಸರಿಯಾದ ವಿಳಾಸಕ್ಕೇ ಬಂತು. ನಾನೀಗ ಹುಸೇನಮ್ಮನ ಅಂಗಡಿಯಲ್ಲೇ ಇದ್ದೇನೆ. ಚಾ ಗ್ಲಾಸು ತೊಳೆಯುತ್ತೇನೆ, ವಗ್ಗಾಣಿಗೆ ಈರುಳ್ಳಿ ಹೆಚ್ಚುತ್ತೇನೆ. ಚಾ ಕುಡಿಯಲು ಬಂದವರಲ್ಲಿ ಅರ್ಧ ಜನ ನನ್ನನ್ನು ನೋಡಲಿಕ್ಕೇ ಬರುತ್ತಾರೆ, ಹುಸೇನಮ್ಮನಿಗೆ ವ್ಯಾಪಾರ ಹೆಚ್ಚಾಗಿದೆ. "ನೋಡೋದಾದ್ರ ಎರಡು ಚಾ ತಗೋರಿ" ಅನ್ನುತ್ತಾಳೆ.

ಹಾಲೇಶ ಅರ್ಜಿ ಹಾಕಿದನೆಂದು ಬರೆದಿದ್ದೆ. ಅದು ಸುಳ್ಳು. ಹಾಕಿದವಳು ನಾನು. ನನ್ನ ಮಾನ ನಿಮ್ಮ ಬೀಗವಾಗಿತ್ತು, ಅದು ತೆರೆಯುವುದಿಲ್ಲವೆಂದು ನಂಬಿ ಬಂದು ಕುಳಿತಿರಿ. ಮಾನ ಅಡಿಕೆಗೆ ಹೋಗಲಿಲ್ಲ. ನಿಮ್ಮ ಜೊತೆ ಹಂಪಿಗೆ ಬಂದ ದಿನವೇ ಹೋಗಿತ್ತು, ಗೊತ್ತಿರಲಿಲ್ಲ ಅಷ್ಟೇ. ಹೋದದ್ದನ್ನು ಹೋಯಿತೆಂದು ಹೇಳಲು ಏನು ಭಯ?

ಸಾಯಬಾರದೇ ಎಂದು ಬರೆದೆನೆನ್ನುತ್ತೀರಿ. ಬರೆದೆ. ನಮ್ಮ ಕಡೆ ಹೆಂಗಸರು ಹಾಲು ಉಕ್ಕಿದರೆ ಹಾಲಿಗೆ ಸಾಯಿ ಅನ್ನುತ್ತೇವೆ, ಕೋಳಿ ಒಳಗೆ ಬಂದರೆ ಕೋಳಿಗೆ ಅನ್ನುತ್ತೇವೆ, ಹೆತ್ತ ಮಗನಿಗೆ ಅಂದು ಮರುಗಳಿಗೆಗೆ ತುತ್ತು ಕಲಸುತ್ತೇವೆ. ನೀವು ಕಂಪ್ಲಿಯವರು, ಬೇರೆ ದೇಶದವರಲ್ಲ. ನಿಮ್ಮ ಅವ್ವ ನಿಮ್ಮನ್ನು ಎಷ್ಟು ಸಲ ಹಾಗೆ ಬೈದಿಲ್ಲ, ಕೇಳಿ ನೋಡಿ. ನನ್ನ ಬೈಗುಳದ ಹಿಂದೆ ಅಡಗಬೇಡಿ. ನಾನು ಮಾಡಿದ ತಪ್ಪು ಬೇರೆ. ಒಬ್ಬ ಮನುಷ್ಯ ನನ್ನ ಮೇಲೆ ಇಟ್ಟ ನಂಬಿಕೆಯನ್ನು ನಿಮ್ಮೆದುರು ಆಡಿಕೊಂಡು ನಕ್ಕೆ. ಅದನ್ನೂ ಆ ಸಾಹೇಬರ ಮುಂದೆ ಹೇಳಿದ್ದೇನೆ, ಬರೆದುಕೊಂಡಿದ್ದಾರೆ.

ನಿಮ್ಮನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ಹೊಳೆಮ್ಮ ಅತ್ತೆ ವರಾಂಡದಲ್ಲಿ ನನ್ನ ಕಾಲ ಬಳಿ ಉಗುಳಿದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತಳು. ಬಂಡ್ರಿಗೆ ಬಂದು ನನ್ನ ಪೆಟ್ಟಿಗೆಯನ್ನು ಬೀದಿಗಿಟ್ಟಳು, ನಾನು ಎತ್ತಿಕೊಂಡೆ. ಅವಳನ್ನು ಬೈಯುವ ಬಾಯಿ ನನಗಿಲ್ಲ.

ಮೊನ್ನೆ ಸೋಮವಾರ ಹೊಸ ಆರ್ಡರು ಬಂತು, ಗುಡ್ಡಪ್ಪನ ತಪ್ಪು ಏನೂ ಇಲ್ಲವೆಂದು. ಮರುದಿನ ಅತ್ತೆ ಬಂಡ್ರಿಯಿಂದ ಬಸ್ಸು ಹಿಡಿದು ಬಂದು ಈ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತಳು. ಹುಸೇನಮ್ಮ "ಒಳಗ ಬರ್ರಿ, ಕುಂದ್ರಿ" ಅಂದಳು. ಬರಲಿಲ್ಲ. ಚಾ ಕೊಟ್ಟರೆ ಮುಟ್ಟಲಿಲ್ಲ. ನನ್ನ ಕಡೆ ನೋಡದೆ, "ನಿನ್ನ ಮಾರಿ ನೋಡಾಕ ಬಂದಿಲ್ಲ. ನನ್ನ ಮಗ ಮರತಿದ್ದಿಲ್ಲ ಅಂತ ಅಲ್ಲಿ ಹೇಳಿದ್ಯಲ್ಲ, ಅದನ್ನ ಇನ್ನೊಮ್ಮೆ ಹೇಳು" ಅಂದಳು.

ಹೇಳಿದೆ. "ಅತ್ತಿ, ನಿಮ್ಮ ಮಗ ಮರತಿದ್ದಿಲ್ಲ. ಅರಿವಿ ಕಟ್ಟಿದ್ದ. ಎರಡು ಸುತ್ತಿನ ಗಂಟು ಹಾಕಿದ್ದ."

ಅವಳು ಕೇಳಿಸಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸಿನ ಕಡೆ ಹೋದಳು. ನನಗೆ ಸಿಕ್ಕಿದ್ದು ಇಷ್ಟೇ, ಸಾಹೇಬರೇ. ನನಗೆ ಬೇಕಾಗಿದ್ದೂ ಇಷ್ಟೇ.

ಈಗ ನಿಮ್ಮ ಮಾತು. ತಾಳಿ ಕಟ್ಟುತ್ತೇನೆ ಅಂದಿದ್ದೀರಿ, ಆ ತಾಳಿಯನ್ನು ನಿಮ್ಮ ಅವ್ವನ ಫೋಟೋಗಳಲ್ಲಿ ಯಾರಿಗಾದರೂ ಕಟ್ಟಿ, ಯಾರಾದರೂ ಕತ್ತು ಕೊಟ್ಟರೆ. ಕುತ್ತಿಗೆಗೆ ಕಟ್ಟಿದ್ದನ್ನು ಬಿಚ್ಚು ಎಂದು ಕೈ ಮುಗಿದಿದ್ದೀರಿ. ಸೆಪ್ಟೆಂಬರಿನಿಂದ ಬಂದ ನಿಮ್ಮ ಕಾಗದ ಒಂದನ್ನೂ ಸುಟ್ಟಿಲ್ಲ, ಇದನ್ನೂ ಸುಟ್ಟಿಲ್ಲ. "ಹೌದು, ಮಾಡಿದೆ" ಎಂದು ನಿಮ್ಮ ಕೈಯಾರೆ ಬರೆದದ್ದು ನಾಳೆ ಹೊಸಪೇಟೆಗೆ ಹೋಗುತ್ತದೆ. ಇನ್ನೊಂದು ಬರೆದರೆ ಅದೂ ಹೋಗುತ್ತದೆ.

ಎಷ್ಟು ವರ್ಷ ರೈಲ್ವೆಯಲ್ಲಿ ದುಡಿದಿರಿ, ರೂಲು ನಾನು ಹೇಳಿಕೊಡಬೇಕೇ? ಕಟ್ಟಿದವರೇ ಬಿಚ್ಚಬೇಕು. ಇದನ್ನು ಕಟ್ಟಿದವಳು ನಾನು, ಗುಡ್ಡಪ್ಪನ ಗಂಟೇ ಹಾಕಿದ್ದೇನೆ. ಬಿಚ್ಚುವುದಿಲ್ಲ.

ಗುಡ್ಡಪ್ಪನ ಹೆಂಡತಿ,
ಹೇಮಾ